ಗಾಲಿಯ ಅಳತೆಯೂ ಬೆಟ್ಟದ ಹಾದಿಯೂ



ಮಣ್ಣು, ನೀರು, ಕಾಡುಗಳ ಕುರಿತು ಚಿಂತಿಸುವ ವೇದಿಕೆಯಲ್ಲಿ ಪಿಕಪ್ ವಾಹನದ ಟೈರಿನ ವಿಚಾರವೇಕೆ ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿ ಏಳಬಹುದು. ಉತ್ತರ ಸರಳವಾಗಿದೆ. ಮಲೆನಾಡಿನ ಒಂಟಿಮನೆಗಳಿಗೂ ಪೇಟೆಗೂ ನಡುವೆ ಇಂದು ಉಳಿದಿರುವ ಸಂಪರ್ಕವೆಂದರೆ ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಜೀಪು ಅಥವಾ ಪಿಕಪ್. ಅಡಿಕೆ, ಕಾಫಿ, ಗೊಬ್ಬರ, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲರನ್ನೂ ಎಲ್ಲವನ್ನೂ ಅದೇ ಹೊರುತ್ತದೆ. ಆಷಾಢದ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ತಾಲ್ಲೂಕು ಆಸ್ಪತ್ರೆಗೆ ತಲಪಿಸುವುದೂ ಅದೇ. ಆ ವಾಹನವು ನೆಲವನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ. ಒಂದೊಂದು ಕಡೆಯೂ ಅಂಗೈಗಿಂತ ಸ್ವಲ್ಪ ದೊಡ್ಡದಾದ ರಬ್ಬರಿನ ತುಂಡು. ವಾಹನದೊಳಗಿರುವವರ ಜೀವವೂ, ವಾಹನದ ಕೆಳಗಿರುವ ಮಣ್ಣಿನ ಗತಿಯೂ ಆ ನಾಲ್ಕು ತುಂಡುಗಳನ್ನು ಅವಲಂಬಿಸಿವೆ.

ಇತ್ತೀಚಿನ ವರ್ಷಗಳಲ್ಲಿ ಒಂದು ರೂಢಿ ಹಬ್ಬುತ್ತಿದೆ. ಹೊಸ ಪಿಕಪ್ ಮನೆಗೆ ಬಂದ ಕೂಡಲೇ ಕಾರ್ಖಾನೆಯವರು ಕೊಟ್ಟ ಟೈರನ್ನು ಕಳಚಿ, ಅದಕ್ಕಿಂತ ದೊಡ್ಡದನ್ನೂ ಅಗಲವಾದುದನ್ನೂ ತೊಡಿಸುವುದು. ವಾಹನದ ಎತ್ತರವನ್ನು ಏರಿಸಿರುವುದಿಲ್ಲ, ಸ್ಪ್ರಿಂಗ್ ಪಟ್ಟಿಗಳು ಹಿಂದಿನವೇ, ಬ್ರೇಕೂ ಹಿಂದಿನದೇ. ಟೈರು ಮಾತ್ರ ದೊಡ್ಡದು. ಇದರಿಂದ ದೊರೆಯುವುದೆಷ್ಟು, ಕಳೆಯುವುದೆಷ್ಟು ಎಂಬುದನ್ನು ಲೆಕ್ಕಹಾಕಿ ನೋಡುವುದು ಅಗತ್ಯ. ಲೆಕ್ಕವೇನೂ ಕಠಿಣವಲ್ಲ, ಪ್ರೌಢಶಾಲೆಯ ಗಣಿತ ಸಾಕು.

ಪಕ್ಕೆಯ ಮೇಲಿನ ಬರಹ

ಟೈರಿನ ಪಕ್ಕೆಯಲ್ಲಿ 245/70 ಆರ್ 16 ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ. ಪಿಕಪ್‌ಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ಅಳತೆಗಳಲ್ಲೊಂದು. 245 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂಬುದು ಪಕ್ಕೆಯ ಎತ್ತರವು ಅಗಲದ ಶೇಕಡ ಎಷ್ಟು ಎಂಬುದನ್ನು ಸೂಚಿಸುತ್ತದೆ, ಎಂದರೆ 171.5 ಮಿ.ಮೀ. 'ಆರ್' ಎಂಬುದು ರೇಡಿಯಲ್ ರಚನೆಯ ಗುರುತು. 16 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ, ಎಂದರೆ 406.4 ಮಿ.ಮೀ. ರಿಮ್ಮಿನ ವ್ಯಾಸಕ್ಕೆ ಪಕ್ಕೆಯ ಎತ್ತರವನ್ನು ಎರಡು ಬಾರಿ ಕೂಡಿಸಿದರೆ ಗಾಲಿಯ ಪೂರ್ಣ ವ್ಯಾಸ ದೊರೆಯುತ್ತದೆ: 749.4 ಮಿ.ಮೀ., ಸರಿಸುಮಾರು 29 ಇಂಚೂವರೆ.

ಈಗ ಅಂಗಡಿಯಲ್ಲಿ 265/75 ಆರ್ 16 ತೋರಿಸಿದರು ಎನ್ನೋಣ. ಅದೇ ಲೆಕ್ಕದಂತೆ ಅದರ ವ್ಯಾಸ 803.9 ಮಿ.ಮೀ. ವ್ಯಾಸದಲ್ಲಿ 54 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ. ಶೇಕಡ 7ಕ್ಕೂ ಮಿಗಿಲು. ಆದರೆ ವಾಹನದ ಹೊಟ್ಟೆ ನೆಲದಿಂದ ಮೇಲೇಳುವುದು ಇದರ ಅರ್ಧದಷ್ಟು ಮಾತ್ರ, 27 ಮಿ.ಮೀ. ಒಂದು ಇಂಚಿಗಿಂತ ತುಸು ಹೆಚ್ಚು. ದಾರಿಯ ನಡುವಿನ ಕಲ್ಲನ್ನು ದಾಟಲು ಈ ಒಂದು ಇಂಚು ನೆರವಾಗುವುದುಂಟು. ಅದಕ್ಕೆ ತೆರುವ ಬೆಲೆಯನ್ನು ಮುಂದೆ ನೋಡೋಣ.

ಏರಿನಲ್ಲಿ ಮತ್ತು ಇಳಿಜಾರಿನಲ್ಲಿ

ಗಾಲಿ ದೊಡ್ಡದಾದಷ್ಟೂ ಎಂಜಿನ್ನಿನ ಒಂದೊಂದು ಸುತ್ತಿಗೆ ವಾಹನ ಹೆಚ್ಚು ದೂರ ಚಲಿಸುತ್ತದೆ. ದಾರಿ ಸಮತಟ್ಟಾಗಿದ್ದರೆ ಇದು ಲಾಭದಂತೆ ತೋರುತ್ತದೆ. ಏರಿನಲ್ಲಿ ಇದೇ ನಷ್ಟ. ನೆಲದ ಮೇಲೆ ಗಾಲಿ ಒದಗಿಸುವ ಎಳೆತದ ಬಲ ಸುಮಾರು ಶೇಕಡ 7ರಷ್ಟು ಕುಗ್ಗುತ್ತದೆ. ಗೊಬ್ಬರದ ಮೂಟೆ ಹೇರಿಕೊಂಡು ಎರಡನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಮೊದಲನೆಯ ಗೇರಿನಲ್ಲಿ ಹತ್ತಬೇಕಾಗಿ ಬರಬಹುದು. ಕ್ಲಚ್ಚಿಗೆ ಹೆಚ್ಚು ಸವೆತ, ಡೀಸೆಲ್ಲಿಗೆ ಹೆಚ್ಚು ಖರ್ಚು.

ಇಳಿಜಾರಿನ ಮಾತು ಇನ್ನೂ ಗಂಭೀರವಾದುದು. ಘಾಟಿ ಇಳಿಯುವಾಗ ಅನುಭವಿ ಚಾಲಕರು ಬ್ರೇಕನ್ನು ತುಳಿದೇ ಇಳಿಯುವುದಿಲ್ಲ. ತಗ್ಗಿನ ಗೇರಿಗೆ ಹಾಕಿ ಎಂಜಿನ್ನಿನ ತಡೆಯಿಂದ ವೇಗವನ್ನು ಹಿಡಿದಿಡುತ್ತಾರೆ. ಗಾಲಿ ದೊಡ್ಡದಾದಾಗ ಈ ತಡೆಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಆ ಕೊರತೆಯನ್ನು ಬ್ರೇಕು ತುಂಬಿಕೊಡಬೇಕು. ಬ್ರೇಕಿಗಾದರೋ ಹೊರೆ ಮೊದಲೇ ಹೆಚ್ಚಿರುತ್ತದೆ. ಉದ್ದ ಹಿಡಿಯ ಮೇಲೆ ಬಿದ್ದ ಬಲವನ್ನು ತಡೆಯಲು ಹೆಚ್ಚು ಶಕ್ತಿ ಬೇಕಾಗುವಂತೆ, ದೊಡ್ಡ ಗಾಲಿಯನ್ನು ಅಷ್ಟೇ ಬಿಗಿಯಾಗಿ ನಿಲ್ಲಿಸಲು ಬ್ರೇಕು ಹೆಚ್ಚು ಬಿಗಿಹಿಡಿಯಬೇಕಾಗುತ್ತದೆ. ದೀರ್ಘ ಇಳಿಜಾರಿನಲ್ಲಿ ಬ್ರೇಕು ಕಾದು, ಅದರ ಹಿಡಿತವೇ ಸಡಿಲಗೊಳ್ಳುವ ಅಪಾಯವು ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ವಾಹನ ನಡೆಸುವವರಿಗೆ ಹೊಸದೇನಲ್ಲ. ಅಲ್ಲಿ ಶೇಕಡ 7 ಎಂಬುದು ಕಾಗದದ ಮೇಲಿನ ಅಂಕಿಯಾಗಿ ಉಳಿಯುವುದಿಲ್ಲ.

ಇದರೊಂದಿಗೆ ವೇಗಸೂಚಿಯೂ ದಾರಿ ತಪ್ಪಿಸುತ್ತದೆ. ಮೊದಲಿನ ಗಾಲಿಗೆ ಸರಿಯಾಗಿ ತೋರಿಸುತ್ತಿದ್ದ ಮುಳ್ಳು 60ರಲ್ಲಿ ನಿಂತಾಗ ವಾಹನ ನಿಜವಾಗಿ 64 ಕಿ.ಮೀ. ವೇಗದಲ್ಲಿರುತ್ತದೆ. ಸಾವಿರ ಕಿಲೋಮೀಟರು ಎಂದು ತೋರಿಸುವಷ್ಟರಲ್ಲಿ 1,070ಕ್ಕೂ ಹೆಚ್ಚು ಓಡಿರುತ್ತದೆ. ಎಣ್ಣೆ ಬದಲಿಸುವ ಲೆಕ್ಕವೂ, ಇಂಧನದ ಲೆಕ್ಕವೂ ತಪ್ಪುತ್ತವೆ.

ಆದುದರಿಂದಲೇ ಮೂಲ ವ್ಯಾಸಕ್ಕಿಂತ ಶೇಕಡ 3ರ ಒಳಗಿರಬೇಕೆಂಬ ಮಿತಿಯನ್ನು ತಿಳಿದವರು ಪಾಲಿಸುತ್ತಾರೆ. 255/70 ಆರ್ 16ರ ವ್ಯಾಸ 763.4 ಮಿ.ಮೀ.; ಹೆಚ್ಚಳ ಶೇಕಡ 2ಕ್ಕಿಂತ ಕಡಿಮೆ. 245/75 ಆರ್ 16ರ ವ್ಯಾಸ 773.9 ಮಿ.ಮೀ.; ಹೆಚ್ಚಳ ಶೇಕಡ 3.3, ಅಂಚಿನಲ್ಲಿದೆ. ಮೊದಲನೆಯದರಿಂದ ವಾಹನ ಏಳುವುದು 7 ಮಿ.ಮೀ., ಎರಡನೆಯದರಿಂದ 12 ಮಿ.ಮೀ. ಈ ಅಂಕಿಗಳನ್ನು ಕಂಡ ಮೇಲೆ, ಮೂಲ ಅಳತೆಯಲ್ಲೇ ಒಳ್ಳೆಯ ಟೈರನ್ನು ಕೊಳ್ಳುವುದು ಹೆಚ್ಚಿನವರಿಗೆ ಜಾಣತನವೆಂದು ತೋರದೆ ಇರದು.

ಉಜ್ಜುವ ಟೈರು

ಎತ್ತರ ಏರಿಸದ ವಾಹನದಲ್ಲಿ ಗಾಲಿಯ ಸುತ್ತಲಿನ ಜಾಗ ಅಳತೆ ಮಾಡಿಟ್ಟದ್ದು. ಅಂಗಡಿಯ ಮುಂದಿನ ಸಮನೆಲದಲ್ಲಿ ನಿಂತಾಗ ದೊಡ್ಡ ಟೈರು ಕುಳಿತಂತೆಯೇ ಕಾಣುತ್ತದೆ. ಪರೀಕ್ಷೆಯಾಗುವುದು ತಿರುವಿನಲ್ಲಿ. ಹಿಂದೆ ಭಾರ ಹೇರಿ, ಒಂದು ಮುಂಗಾಲಿಯನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು. ಮಡ್‌ಗಾರ್ಡಿನ ಒಳಮೈಗೋ, ಚಾಸಿಗೋ, ಬ್ರೇಕಿನ ಕೊಳವೆಗೋ ಟೈರು ತಗಲುತ್ತಿದ್ದರೆ ಆ ಅಳತೆ ಆ ವಾಹನಕ್ಕಲ್ಲ. ಮಳೆಗಾಲದಲ್ಲಿ ಗಾಲಿಗೆ ಸರಪಳಿ ಕಟ್ಟುವ ರೂಢಿಯಿರುವ ಕಡೆಗಳಲ್ಲಿ ಸರಪಳಿಗೂ ಜಾಗ ಉಳಿದಿರಬೇಕೆಂಬುದನ್ನು ಮರೆಯಬಾರದು. ಟೈರಿಗೆ ಒಪ್ಪುವ ರಿಮ್ಮಿನ ಅಗಲಕ್ಕೂ ಒಂದು ಮಿತಿಯುಂಟು. ಕಿರಿದಾದ ರಿಮ್ಮಿಗೆ ಅತಿ ಅಗಲದ ಟೈರನ್ನು ಕೂರಿಸಿದರೆ ಅದು ಬುಗ್ಗೆಯಂತೆ ಉಬ್ಬಿ, ನಡುಭಾಗವಷ್ಟೇ ಸವೆಯುತ್ತದೆ.

ಹೊರುವ ಶಕ್ತಿ

ಪಿಕಪ್ ಇರುವುದು ಹೊರುವುದಕ್ಕೆ. ಅಳತೆಯ ಪಕ್ಕದಲ್ಲಿ 107 ಅಥವಾ 111 ಎಂಬಂತಹ ಇನ್ನೊಂದು ಅಂಕಿಯಿರುತ್ತದೆ. ಅದು ಭಾರದ ಸೂಚ್ಯಂಕ. 107 ಎಂದರೆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 975 ಕೆ.ಜಿ.; 111 ಎಂದರೆ 1,090 ಕೆ.ಜಿ. ಒಂದೇ ಅಳತೆಯ ಟೈರು ಎರಡೂ ಸೂಚ್ಯಂಕಗಳಲ್ಲಿ ದೊರೆಯುವುದುಂಟು. ಒಂದು ಅಚ್ಚಿನ ಎರಡು ಗಾಲಿಗಳಿಗೆ ವ್ಯತ್ಯಾಸ 230 ಕೆ.ಜಿ.; 50 ಕೆ.ಜಿ. ತೂಕದ ನಾಲ್ಕು ಮೂಟೆಗಳಿಗಿಂತ ಹೆಚ್ಚು. ಕಾರ್ಖಾನೆಯವರು ಸೂಚಿಸಿದ ಸೂಚ್ಯಂಕಕ್ಕಿಂತ ಕಡಿಮೆಯದನ್ನು, ಎಷ್ಟೇ ಅಗ್ಗವಾಗಿ ದೊರೆತರೂ, ಕೊಳ್ಳಬಾರದು. ಹಳೆಯ ದಾಸ್ತಾನನ್ನು ಹೊಸದೆಂದು ಮಾರುವವರೂ ಇರುತ್ತಾರೆ. ಪಕ್ಕೆಯಲ್ಲಿರುವ ನಾಲ್ಕು ಅಂಕಿಗಳ ಗುರುತನ್ನು ನೋಡಿದರೆ ಟೈರು ಹುಟ್ಟಿದ ದಿನ ತಿಳಿಯುತ್ತದೆ: 3224 ಎಂದರೆ 2024ರ 32ನೆಯ ವಾರ.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ವಾಹನದಲ್ಲಿ ಇನ್ನೊಂದು ನಿಯಮವುಂಟು. ಹಿಂದೆ ದೊಡ್ಡದು, ಮುಂದೆ ಚಿಕ್ಕದು ಎಂದು ಬೆರೆಸುವಂತಿಲ್ಲ. ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದಕ್ಕೊಂದು ಬಿಗಿದುಕೊಂಡು ತಿರುಗುವಾಗ ವ್ಯಾಸಗಳು ಬೇರೆಯಾಗಿದ್ದರೆ ಗೇರುಪೆಟ್ಟಿಗೆಯೊಳಗೆ ಎಳೆದಾಟ ಉಂಟಾಗಿ ಹಲ್ಲುಗಳು ಸವೆಯುತ್ತವೆ. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ಎಂದರೆ ಅಳತೆ ಬದಲಿಸುವ ಖರ್ಚು ನಾಲ್ಕು ಟೈರುಗಳದಲ್ಲ, ಐದರದು.

ಕಾನೂನನ್ನೂ ಇಲ್ಲಿ ನೆನೆಯಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂಬುದು 1989ರ ನಿಯಮಾವಳಿಯಲ್ಲಿರುವ ಮಾತು. ಮಲೆನಾಡಿನ ಮಳೆಗೆ ಅಷ್ಟು ಸವೆಯುವವರೆಗೂ ಕಾಯುವುದು ಕ್ಷೇಮವಲ್ಲ.

ಅಗಲವೋ, ಕಿರಿದೋ?

ಅಗಲ ಟೈರು ಕೆಸರಿನಲ್ಲಿ ಹೂತುಹೋಗುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಮರಳುಗಾಡಿನಲ್ಲಿ, ಕಡಲತೀರದಲ್ಲಿ ಇದು ನಿಜ. ಅಲ್ಲಿ ಕೆಳಗೆ ಗಟ್ಟಿ ಪದರವಿರುವುದಿಲ್ಲವಾದುದರಿಂದ ತೇಲಬೇಕು. ಮಲೆನಾಡಿನ ಮಣ್ಣುರಸ್ತೆಯ ಸ್ವರೂಪವೇ ಬೇರೆ. ಮೇಲೆ ನಾಲ್ಕಾರು ಬೆರಳು ಜಾರುವ ಕೆಸರು, ಕೆಳಗೆ ಜಂಬಿಟ್ಟಿಗೆಯ ಅಥವಾ ಕಲ್ಲಿನ ಗಟ್ಟಿ ತಳ. ಇಲ್ಲಿ ಕಿರಿದಾದ ಗಾಲಿ ಕೆಸರನ್ನು ಸೀಳಿ ತಳವನ್ನು ಹಿಡಿಯುತ್ತದೆ. ಅಗಲವಾದುದು ಕೆಸರಿನ ಮೇಲೆ ಜಾರುತ್ತದೆ. ಹಳೆಯ ಜೀಪುಗಳ ಟೈರು 6.00-16, ಅಗಲ ಕೇವಲ ಆರು ಇಂಚು. ಆ ಕಿರಿದಾದ ಗಾಲಿಗಳ ಮೇಲೆಯೇ ಬೆಟ್ಟಸೀಮೆಯ ತೋಟಗಳ ಸಾಗಾಟ ದಶಕಗಳ ಕಾಲ ನಡೆಯಿತು.

ಬಟನ್ನುಗಳ ವಿಷಯವೂ ಹೀಗೆಯೇ. ಕೆಸರಿಗೆಂದೇ ರೂಪಿಸಿದ ಮಡ್ ಟೆರೇನ್ ಟೈರಿನಲ್ಲಿ ದಪ್ಪ ಬಟನ್ನುಗಳ ನಡುವೆ ಅಗಲವಾದ ಕಾಲುವೆಗಳಿರುತ್ತವೆ. ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಒದ್ದೆ ಟಾರಿನ ಮೇಲೆ ನೆಲ ಮುಟ್ಟುವ ರಬ್ಬರು ಕಡಿಮೆಯಾದುದರಿಂದ ಹಿಡಿತವೂ ಕಡಿಮೆ; ಸದ್ದು ಹೆಚ್ಚು, ತೂಕ ಹೆಚ್ಚು, ಸವೆತವೂ ಬೇಗ. ಮನೆಯಿಂದ ಎರಡು ಕಿಲೋಮೀಟರು ಮಣ್ಣುರಸ್ತೆ, ಅಲ್ಲಿಂದ ಪೇಟೆಗೆ 30 ಕಿಲೋಮೀಟರು ಟಾರು ರಸ್ತೆ ಎಂಬ ಸ್ಥಿತಿಯಲ್ಲಿರುವವರಿಗೆ ಎರಡಕ್ಕೂ ಹೊಂದುವ ಆಲ್ ಟೆರೇನ್ ಟೈರು ಮೇಲು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಎರಡು ಕಿಲೋಮೀಟರಿಗೆ ಒಂದು ಜೊತೆ ಸರಪಳಿ ಸಾಕಾಗುತ್ತದೆ.

ಮಣ್ಣಿನ ಪಾಲು

ಗಾಲಿಯು ನೆಲದ ಮೇಲ್ಪದರದ ಮೇಲೆ ಹೇರುವ ಒತ್ತಡವು ಸರಿಸುಮಾರು ಅದರೊಳಗಿನ ಗಾಳಿಯ ಒತ್ತಡದಷ್ಟಿರುತ್ತದೆ. ಆಳದ ಪದರಗಳಿಗೆ ತಲಪುವ ಒತ್ತಡವನ್ನು ನಿರ್ಧರಿಸುವುದು ಅಚ್ಚಿನ ಮೇಲಿನ ಒಟ್ಟು ಭಾರ. ಆದುದರಿಂದ ಅಗಲ ಟೈರು ತೊಡಿಸಿ, ಅದರ ಧೈರ್ಯದಲ್ಲಿ ಇನ್ನಷ್ಟು ಭಾರ ಹೇರಿದರೆ ಮೇಲ್ಮಣ್ಣು ಉಳಿದಂತೆ ಕಂಡರೂ ಒಳಮಣ್ಣು ಬಿಗಿದುಕೊಳ್ಳುತ್ತದೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಬಹಳ ಬೇಗ ಬಿಗಿಯುತ್ತದೆ. ಬಿಗಿದ ಮಣ್ಣಿನೊಳಗೆ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ತೋಟದ ನಡುವೆ, ಗದ್ದೆಯ ಬದಿಯಲ್ಲಿ ಮಳೆಗಾಲದಲ್ಲಿ ವಾಹನ ಇಳಿಸದಿರುವುದೇ ಅಲ್ಲಿಗೆ ಸರಿಯಾದ ಟೈರು.

ಗಾಲಿ ಜಾರಿ ತಿರುಗಿದಾಗ ದಪ್ಪ ಬಟನ್ನುಗಳು ನೆಲವನ್ನು ಅಗೆಯುತ್ತವೆ. ಆ ಜಾಡು ಮೊದಲ ಮಳೆಗೆ ಕಾಲುವೆ, ಎರಡನೆಯ ವರ್ಷಕ್ಕೆ ಕೊರಕಲು. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ; ಇಳಿಜಾರಿನ ಮೇಲಿನ ಒಂದು ಜಾಡೂ ಅಲ್ಲಿ ಹರಿಯುವ ನೀರಿಗೆ ದಾರಿಯಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿದಾಗಲೂ, ಕಡಿದ ಇಳಿಜಾರಿನ ಮೇಲೆ ನೀರು ಏನು ಮಾಡಬಲ್ಲದೆಂಬುದನ್ನು ನಾಡು ಕಂಡಿದೆ. ಟೈರಿನ ಜಾಡು ಅಂತಹ ಕುಸಿತಕ್ಕೆ ಕಾರಣವೆಂದು ಹೇಳುವುದು ಅತಿಶಯೋಕ್ತಿ. ಆದರೆ ನೀರು ಹರಿಯುವ ದಿಕ್ಕನ್ನು ಬದಲಿಸುವ ಪ್ರತಿಯೊಂದು ಗೀರಿಗೂ ಮಳೆನಾಡಿನಲ್ಲಿ ಲೆಕ್ಕವಿದೆ. ಬೆಟ್ಟದ ಹುಲ್ಲುಗಾವಲಿನ ಮೇಲೆ ವಿನೋದಕ್ಕಾಗಿ ವಾಹನ ಹತ್ತಿಸುವವರು ಇದನ್ನು ಅರಿಯಬೇಕು. ಅಲ್ಲಿನ ಹುಲ್ಲಿನ ಬೇರೇ ತೆಳುವಾದ ಮಣ್ಣನ್ನು ಹಿಡಿದಿಟ್ಟಿದೆ.

ಸವೆದ ರಬ್ಬರು ಎಲ್ಲಿಗೆ ಹೋಗುತ್ತದೆ? ಪುಡಿಯಾಗಿ ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಮಳೆಯ ನಂತರ ಸಾಯುತ್ತಿದ್ದುದಕ್ಕೆ, ಟೈರಿನಲ್ಲಿ ಬೆರೆಸುವ ಒಂದು ರಾಸಾಯನಿಕದಿಂದ ಹುಟ್ಟುವ ವಸ್ತುವೇ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಗಾಳಿಯನ್ನು ಸರಿಯಾಗಿಟ್ಟುಕೊಂಡು, ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಸವೆತವನ್ನು ತಗ್ಗಿಸುವುದು ಹಣದ ಉಳಿತಾಯವೂ ಹೌದು, ಹಳ್ಳದ ರಕ್ಷಣೆಯೂ ಹೌದು. ತೆಗೆದ ಟೈರನ್ನು ಕೊಟ್ಟಿಗೆಯ ಹಿಂದೆ ಎಸೆದರೆ ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಸುಟ್ಟರೆ ಹೊಗೆ ವಿಷ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರಿಗೇ ವಹಿಸುವ ನಿಯಮಗಳು 2022ರಲ್ಲಿ ಬಂದಿವೆ. ಅಂಗಡಿಗೇ ಮರಳಿಸುವುದು ಉತ್ತಮ.

ಕೊಳ್ಳುವ ಮುನ್ನ

ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಚೀಟಿಯನ್ನು ಮೊದಲು ಓದಬೇಕು. ಅಳತೆ ಮತ್ತು ಗಾಳಿಯ ಪ್ರಮಾಣ ಅಲ್ಲಿವೆ. ಭಾರ ಹೇರಿದಾಗಿನ ಗಾಳಿ ಬೇರೆ, ಬರಿದಾಗಿದ್ದಾಗಿನದು ಬೇರೆ ಎಂಬುದನ್ನು ಗಮನಿಸಬೇಕು. ಕೆಸರಿನಲ್ಲಿ ತುಸು ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಆದರೆ ಟಾರು ರಸ್ತೆಗೆ ಬಂದೊಡನೆ ತುಂಬಿಸಲೇಬೇಕು, ಇಲ್ಲವಾದರೆ ಟೈರು ಕಾದು ಸಿಡಿಯುವ ಭಯವಿದೆ. ಗಾಳಿಯ ಮಾಪಕವೂ ಕಾಲಿನಿಂದ ಒತ್ತುವ ಪಂಪೂ ವಾಹನದಲ್ಲಿರಲಿ. ದೊಡ್ಡ ಟೈರಿಗೆಂದು ತೆಗೆದಿಟ್ಟ ಹಣದ ಒಂದು ಪಾಲಿನಿಂದ ಇವೆಲ್ಲವೂ, ಜೊತೆಗೆ ಸರಪಳಿಯೂ ಬರುತ್ತವೆ. ಉಳಿದುದರಿಂದ ಊರಿನವರು ಒಟ್ಟಾಗಿ ಮಣ್ಣುರಸ್ತೆಗೆ ಅಡ್ಡ ಚರಂಡಿಗಳನ್ನು ತೋಡಿ ಕಲ್ಲು ಹಾಸಿದರೆ ಕೆಸರೇ ಕಡಿಮೆಯಾಗುತ್ತದೆ. ಆಗ ಆಳದ ಬಟನ್ನುಗಳ ಅಗತ್ಯವೂ ತಗ್ಗುತ್ತದೆ.

ವಿದ್ಯಾರ್ಥಿ ಮಿತ್ರರು ಈ ವಾರ ತಮ್ಮ ಊರಿನ ವಾಹನಗಳ ಟೈರಿನ ಅಂಕಿಗಳನ್ನು ಬರೆದುಕೊಂಡು ವ್ಯಾಸವನ್ನು ಲೆಕ್ಕಹಾಕಲಿ. ಬಾಗಿಲ ಚೀಟಿಯೊಂದಿಗೆ ಹೋಲಿಸಿ, ಶೇಕಡ 3 ಮೀರಿದ ವಾಹನಗಳ ಒಡೆಯರಿಗೆ ವಿನಯದಿಂದ ತಿಳಿಸಲಿ. ಮಳೆ ಹಿಡಿಯುವುದರೊಳಗೆ ಆ ಕೆಲಸ ಮುಗಿಯಲಿ.