ಗೇರುಗುಡ್ಡೆಗೆ ಬಿಟ್ಟ ಮದ್ದು



ನಮ್ಮ ಕಾಸರಗೋಡು ಕಡೆಯ ಕನ್ನಡದಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು. ಮಳೆ ಹೊಳವಾದ ಹೊತ್ತು ನೋಡಿ ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಮದ್ದು ಬಿಡುವುದನ್ನು ನೋಡುತ್ತಲೇ ಬೆಳೆದವರು ನಾವು. ಹಾಗಾಗಿ 1970ರ ದಶಕದ ಕೊನೆಯಲ್ಲಿ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಬಂದು ಮದ್ದು ಬಿಟ್ಟಾಗ ಹೆದರಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡಿದರು.

ನಾಯ್ಮಾರ್ಮೂಲೆಯಿಂದ ಚೆರ್ಕಳಕ್ಕೆ ಹೋಗಿ ಜಾಲ್ಸೂರು ದಾರಿ ಹಿಡಿದರೆ ಮುಳಿಯಾರು, ಕಾರಡ್ಕ. ಕಲ್ಲಡ್ಕ ದಾರಿ ಹಿಡಿದರೆ ಬದಿಯಡ್ಕ ದಾಟಿ ಪೆರ್ಲ, ಎಣ್ಮಕಜೆ. ದಕ್ಷಿಣಕ್ಕೆ ಪುಲ್ಲೂರು-ಪೆರಿಯ, ಕಯ್ಯೂರು-ಚೀಮೇನಿ. ಹೀಗೆ ಹನ್ನೊಂದು ಪಂಚಾಯತುಗಳಲ್ಲಿ ಹರಡಿದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರುತೋಟಗಳಿಗೆ, ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು, ವರ್ಷಕ್ಕೆ ಎರಡು ಮೂರು ಸಲ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೆಲಸ ಅದು.

ನಮ್ಮ ನೆಲದ ಗುಣ ನೆನಪಿಸಿಕೊಳ್ಳಿ. ಮೇಲೆ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಮನೆ, ಮನೆಗೆ ನೀರು ಕೊಡುವುದು ಅದೇ ಗುಡ್ಡೆಯ ಹೊಟ್ಟೆಗೆ ಕೊರೆದ ಸುರಂಗ. ಎಣ್ಮಕಜೆಯ ಪಡ್ರೆ ಊರಿನ ಕಡೆ ಕುಡಿಯಲು, ತೋಟಕ್ಕೆ, ಹಟ್ಟಿಗೆ ಎಲ್ಲಕ್ಕೂ ಸುರಂಗದ ನೀರೇ. ಗೇರು ಬೆಳೆದದ್ದು ಆ ನೀರಿನ ನೆತ್ತಿಯ ಮೇಲೆ. ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗದು. ಮಣ್ಣಿಗೆ ಅಂಟಿ ಕೂರುತ್ತದೆ, ಮಳೆಯಲ್ಲಿ ಮಣ್ಣಿನ ಜೊತೆ ಇಳಿಯುತ್ತದೆ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಅದು ಒಡೆದು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಇನ್ನೂ ಹೆಚ್ಚು ಕಾಲ ಬಾಳುವ ವಿಷ. ನರಗಳನ್ನು ಶಾಂತವಾಗಿಡುವ ಸಂದೇಶವನ್ನೇ ಅದು ತಡೆಯುತ್ತದೆ. ಈ ವಿಷ ಹೆಚ್ಚಾಗಿ ಮೈಗೇರಿದವರಿಗೆ ಅಪಸ್ಮಾರದಂಥ ಸೆಳೆತ ಬರುವುದು ಅದರಿಂದಲೇ.

ಮೊದಲು ಸತ್ತದ್ದು ಜೇನುನೊಣ. ಆಮೇಲೆ ತೋಡಿನ ಮೀನು, ಕಪ್ಪೆ. 1979ರ ಹೊತ್ತಿಗೆ ಹಟ್ಟಿಗಳಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದವು. ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಆಗಲೇ ಬರೆದರು. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಪುಟ್ಟ ಕ್ಲಿನಿಕ್ಕಿಗೆ ಬರುವವರಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಹುಟ್ಟಿನಿಂದಲೇ ಬಂದ ಅಂಗವಿಕಲತೆ ಒಂದೇ ಪ್ರದೇಶದಲ್ಲಿ ಇಷ್ಟೇಕೆ ಎಂದು ಕೇಳಿಕೊಂಡರು. ಯಾವ ಮನೆಯಲ್ಲಿ ಏನು ಕಾಯಿಲೆ ಎಂದು ಗುರುತು ಹಾಕುತ್ತ ಹೋದಾಗ ಎಲ್ಲವೂ ಗೇರುತೋಟದ ಸುತ್ತ ನಿಂತವು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ತಡೆ ತಂದರು. ಆದರೂ ಹೆಲಿಕಾಪ್ಟರ್ ಕೊನೆಯ ಬಾರಿ ಹಾರಿದ್ದು 2000ದ ಡಿಸೆಂಬರಿನಲ್ಲಿ.

ಜನ ಕಂಡದ್ದಕ್ಕೂ ಸರಕಾರ ಒಪ್ಪಿದ್ದಕ್ಕೂ ನಡುವೆ ಎಷ್ಟು ವರ್ಷ ಹೋಯಿತು ನೋಡಿ. ನಾನು ಇವತ್ತು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ. ನರಳುವವರ ಬಳಿ ಪುರಾವೆ ತನ್ನಿ ಎಂದರು. ವಿಷ ಬಿಡುವವರ ಬಳಿ, ಇದು ನಿರಪಾಯ ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಲಿಲ್ಲ. ಹಾಸಿಗೆ ಹಿಡಿದ ಮಗುವಿನ ತಾಯಿ ರಕ್ತಪರೀಕ್ಷೆ ಮಾಡಿಸಿ ವಿಜ್ಞಾನಿಗಳಿಗೆ ಒಪ್ಪಿಸಬೇಕೆಂಬುದು ಯಾವ ನ್ಯಾಯ?

ಕೊನೆಗೆ ಪುರಾವೆಯೂ ಬಂತು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲೆಗೆ ಹೋಗುವ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನು ಪರೀಕ್ಷಿಸಿದರು. ಕೊನೆಯ ಸಿಂಪಡಣೆ ನಡೆದು ಹತ್ತು ತಿಂಗಳಾದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಸರಾಸರಿ ಐದು ಪಟ್ಟಿಗೂ ಹೆಚ್ಚಿತ್ತು. ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಇದ್ದವು. ಒಬ್ಬೊಬ್ಬರ ಕಾಯಿಲೆಯನ್ನೂ ತೋರಿಸಿ ಇದು ಎಂಡೋಸಲ್ಫಾನಿನಿಂದಲೇ ಎನ್ನಲು ಯಾವ ವೈದ್ಯರಿಗೂ ಆಗದು, ಅದು ನಿಜ. ಆದರೆ ಆ ಅನುಮಾನದ ಭಾರವನ್ನು ಹೊರಬೇಕಾದವರು ರೋಗಿಗಳಲ್ಲ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಕೊಟ್ಟಿತು. ಅದಕ್ಕೆ ಸ್ವಲ್ಪ ಮೊದಲು ಕರ್ನಾಟಕವೂ ತಡೆ ಹಾಕಿತ್ತು, ಏಕೆಂದರೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಇದೇ ಗೇರು, ಇದೇ ಮದ್ದು, ಇದೇ ಕಾಯಿಲೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಸರಕಾರಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಮಾತ್ರ. ಈ ಸಂಖ್ಯೆ ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನು ಈಗ ನಮ್ಮ ತೋಟಗಳಲ್ಲಿ ಆಗುತ್ತಿರುವುದು. ಕಾಡು ಕೆತ್ತಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲು ಆಗುವುದಿಲ್ಲ. ಆಗ ಹುಲ್ಲಿಗೆ ಬಿಡುವ ಮದ್ದಿನ ನೆನಪಾಗುತ್ತದೆ. ಅಂಥ ಮದ್ದುಗಳಲ್ಲೊಂದಾದ ಗ್ಲೈಫೋಸೇಟ್ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ಅಮೆರಿಕ, ಯುರೋಪುಗಳ ನಿಯಂತ್ರಣ ಸಂಸ್ಥೆಗಳು ಹಾಗಲ್ಲ ಎಂದವು. ಕೇರಳ 2019ರಲ್ಲಿ ಅದನ್ನು ನಿಷೇಧಿಸಿತು. ಆದರೆ ನಿಷೇಧ ನಿಲ್ಲುವ ಗಡಿ ನಮಗೆ ಎಷ್ಟು ಹತ್ತಿರ ಎಂಬುದು ನಿಮಗೇ ಗೊತ್ತು.

ಕುಲಾಂತರಿ ಬೆಳೆಯ ಪ್ರಶ್ನೆಯನ್ನೂ ನಾನು ನೋಡುವುದು ಹೀಗೆಯೇ. ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳಿಂದ ಹಾನಿಯಾದದ್ದು ಕಂಡಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇಲ್ಲದ ಭಯವನ್ನು ನಾನು ಹುಟ್ಟಿಸಲಾರೆ. ಆದರೂ 2010ರ ಫೆಬ್ರವರಿ 9ರಂದು ಬಿಟಿ ಬದನೆಯನ್ನು ತಡೆಹಿಡಿದ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್, ಅದಕ್ಕೆ ಮೊದಲು ಹಲವು ನಗರಗಳಲ್ಲಿ ಸಭೆ ಕರೆದು ರೈತರ ಮಾತು ಕೇಳಿದ್ದರು. ಉಡುಪಿಯ ಮಟ್ಟುಗುಳ್ಳ ಬದನೆಯ ಚಿಂತೆಯೂ ಆಗ ಕೇಳಿಬಂದಿತ್ತು. ತಿನ್ನುವವರನ್ನು, ಬೆಳೆಯುವವರನ್ನು ಮೊದಲೇ ಕೇಳುವ ಆ ಕ್ರಮ ಗೇರುಗುಡ್ಡೆಯ ಬುಡದವರಿಗೆ ಸಿಗಲೇ ಇಲ್ಲ. ಕಳೆನಾಶಕ ತಾಳಿಕೊಳ್ಳುವಂತೆ ಮಾಡಿದ ಬೆಳೆ ಬಂದರೆ ಜೊತೆಗೆ ಆ ಕಳೆನಾಶಕವೂ ಬರುತ್ತದೆ ಎಂಬುದನ್ನೂ ಮರೆಯಬಾರದು.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ತೋಟಕ್ಕೆ ಏನು ಬಿಟ್ಟಿರಿ, ಯಾವ ದಿನ, ಎಷ್ಟು ಅಳತೆ, ಬಿಟ್ಟ ಆಳಿಗೆ ಆಮೇಲೆ ತಲೆಸುತ್ತು ಬಂತೇ, ಇಷ್ಟನ್ನು ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ. ಪಡ್ರೆಯ ವೈದ್ಯರು ಮಾಡಿದ್ದು ಇದನ್ನೇ. ಮತ್ತೆ, ಇಲ್ಲೇ ಹತ್ತಿರ ವಿದ್ಯಾನಗರದ ಸಿವಿಲ್ ಸ್ಟೇಶನ್ ಮುಂದೆ ಸಂತ್ರಸ್ತರ ತಾಯಂದಿರು ಕೂತದ್ದು ಕಂಡರೆ ಒಂದು ಗಳಿಗೆ ಅವರ ಜೊತೆ ಕೂತುಕೊಳ್ಳಿ. ಆ ತಾಯಂದಿರಿಗೂ ಈಗ ವಯಸ್ಸಾಗಿದೆ. ಮಕ್ಕಳು ಮೂವತ್ತು, ನಲವತ್ತು ದಾಟಿದ್ದಾರೆ. ಅವರನ್ನು ಎತ್ತಿ ಮೀಯಿಸಿ ಉಣಿಸುವುದು ಇವತ್ತಿಗೂ ಆ ತಾಯಂದಿರೇ.