ಕೊನೆಯ ಐದು ಕಿಲೋಮೀಟರ್



ಮೌನೇಶ್ವರರ ತಿಂಥಣಿಯಲ್ಲಿ ಉಪಗ್ರಹದ ವಿಚಾರ ಮಾತಾಡಲು ನನಗೊಂದು ಬಲವಾದ ಕಾರಣವಿದೆ. ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಪ್ರಯೋಗ 1975ರ ಆಗಸ್ಟ್ 1ರಂದು ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ತಿಂಥಣಿ ಇರುವ ಸುರಪುರ ತಾಲ್ಲೂಕು ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಮೊದಲೇ ನಮ್ಮ ಸೀಮೆ ಉಪಗ್ರಹದ ಟಿ.ವಿ. ನೋಡಿತ್ತು ಎನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಆ ಪ್ರಯೋಗಕ್ಕೆ ಬಳಸಿದ ಎಟಿಎಸ್-6 ಉಪಗ್ರಹ ಮಾತಾಡಿದ್ದು 860 ಮೆಗಾಹರ್ಟ್ಸ್‌ನಲ್ಲಿ. ಅದರ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಹಿಡಿಯಲು ಮೂರು ಮೀಟರ್ ಅಗಲದ ತಂತಿ ಜಾಲರಿ ಸಾಕಾಗಿತ್ತು: ಅಷ್ಟು ಉದ್ದದ ತರಂಗಕ್ಕೆ ಜಾಲರಿಯ ಸಣ್ಣ ತೂತು ಲೆಕ್ಕಕ್ಕೇ ಬರುವುದಿಲ್ಲ. ಮಳೆಹನಿಯೂ ಹಾಗೆಯೇ. ಜಡಿಮಳೆ ಇರಲಿ, ಗುಡುಗು ಮಳೆ ಇರಲಿ, ಆ ತರಂಗ ದಾಟಿ ಬರುತ್ತಿತ್ತು.

ಇವತ್ತು ನಮ್ಮ ಮಾಳಿಗೆ ಮೇಲಿನ ಡಿಶ್ ಹಿಡಿಯುವುದು 12 ಗಿಗಾಹರ್ಟ್ಸ್ ಸುತ್ತಮುತ್ತಲಿನ ಅಲೆ. ಉದ್ದ ಎರಡೂವರೆ ಸೆಂಟಿಮೀಟರ್. ಜೋರು ಮಳೆಯ ದಪ್ಪ ಹನಿ ನಾಲ್ಕೈದು ಮಿಲಿಮೀಟರ್ ಇರುತ್ತದೆ. ಈಗ ಹನಿ ಲೆಕ್ಕಕ್ಕೆ ಬರುತ್ತದೆ. ಅಲೆಯ ಶಕ್ತಿಯನ್ನು ಒಂದಿಷ್ಟು ಹೀರಿ ಶಾಖವಾಗಿಸುತ್ತದೆ, ಒಂದಿಷ್ಟನ್ನು ದಿಕ್ಕು ತಪ್ಪಿಸಿ ಚದುರಿಸುತ್ತದೆ. ಗಂಟೆಗೆ 100 ಮಿ.ಮೀ. ವೇಗದ ಮಳೆಯಲ್ಲಿ ಹೋದ ಪ್ರತಿ ಕಿಲೋಮೀಟರಿಗೂ ಇದ್ದ ಶಕ್ತಿಯ ಮೂರನೇ ಒಂದು ಪಾಲಷ್ಟೇ ಉಳಿಯುತ್ತದೆ. ಹೆಚ್ಚು ವೇಗದ ಇಂಟರ್ನೆಟ್ಟಿಗೆ ಬಳಸುವ 20 ಗಿಗಾಹರ್ಟ್ಸ್‌ನಲ್ಲಿ ಉಳಿಯುವುದು ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದೂ ಇಲ್ಲ. ಸಾಲದ್ದಕ್ಕೆ ತಣ್ಣನೆಯ ಆಕಾಶ ನೋಡುತ್ತಿದ್ದ ಡಿಶ್‌ಗೆ ಈಗ ಬೆಚ್ಚಗಿನ ಮಳೆ ಎದುರಾಗಿ, ಅದರ ಗದ್ದಲವೂ ಸೇರಿಕೊಳ್ಳುತ್ತದೆ. ಹಳೆಯ ಟಿ.ವಿ.ಯಲ್ಲಿ ಚಿತ್ರ ಮೆಲ್ಲಗೆ ಮಸುಕಾಗುತ್ತಿತ್ತು. ಡಿಜಿಟಲ್ ಚಿತ್ರ ಒಂದು ಮಿತಿಯವರೆಗೆ ಚೆನ್ನಾಗಿದ್ದು ಥಟ್ಟನೆ ನಿಂತುಬಿಡುತ್ತದೆ.

ನೋಡಿ, ಸುಮಾರು 36,000 ಕಿಲೋಮೀಟರ್ ದೂರದಿಂದ ಬರುವ ಸಂಕೇತ ಸೋಲುವುದು ಕೊನೆಯ ಐದು ಕಿಲೋಮೀಟರಿನಲ್ಲಿ. ಉಷ್ಣವಲಯದಲ್ಲಿ ಮೋಡದೊಳಗಿನ ಮಂಜು ಕರಗಿ ನೀರಾಗುವ ಎತ್ತರ ಸುಮಾರು ಐದು ಕಿಲೋಮೀಟರ್. ತಂಪು ದೇಶಗಳಲ್ಲಿ ಅದು ಎಷ್ಟೋ ಕೆಳಗಿರುತ್ತದೆ. ಮಂಜಿನ ಹರಳು ಅಲೆಯನ್ನು ಹೆಚ್ಚು ಹೀರುವುದಿಲ್ಲ, ನೀರು ಹೀರುತ್ತದೆ. “ನಮ್ಮದು ಬರದ ಸೀಮೆ, ನಮಗೇನು?” ಎಂದು ನೀವು ಕೇಳಬಹುದು. ವರ್ಷಕ್ಕೆ ಎಷ್ಟು ಮಳೆ ಎನ್ನುವುದಲ್ಲ, ಆ ಹೊತ್ತಿಗೆ ಎಷ್ಟು ಜೋರು ಎನ್ನುವುದೇ ಇಲ್ಲಿ ಮುಖ್ಯ. ಸೆಪ್ಟೆಂಬರಿನ ಅರ್ಧ ತಾಸಿನ ಗುಡುಗು ಮಳೆ ಸಾಕು.

ಉಪಾಯಗಳಿವೆ. ಭೂಕೇಂದ್ರದಿಂದ ಶಕ್ತಿ ಹೆಚ್ಚಿಸಿ ಕಳಿಸಬಹುದು, ಮಳೆ ನಿಲ್ಲುವತನಕ ವೇಗ ತಗ್ಗಿಸಿ ಸಂಪರ್ಕ ಉಳಿಸಿಕೊಳ್ಳಬಹುದು. ಧಾರಾವಾಹಿ ಹತ್ತು ನಿಮಿಷ ನಿಂತರೆ ಯಾರಿಗೂ ನಷ್ಟವಿಲ್ಲ. ನನ್ನ ಚಿಂತೆ ಹೊಳೆಯದು. ಕೃಷ್ಣೆ ತುಂಬುವುದು ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದಾಗ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ದಂಡೆಯ ಹೊಲ ಮುಳುಗುವುದು ಇಲ್ಲಿ. ನಮಗೆ ಸುದ್ದಿ ಬೇಕಾದದ್ದೂ ಮಳೆ ಜೋರಾದಾಗಲೇ.

ಇದನ್ನು ಬಲ್ಲವರು ಮೊದಲೇ ಯೋಚಿಸಿದ್ದಾರೆ. ಮಳೆ, ನೀರಿನ ಮಟ್ಟ ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಇನ್ಸಾಟ್ ಉಪಗ್ರಹಕ್ಕೆ ಅಂಕಿ ಕಳಿಸಲು ಬಳಸುತ್ತ ಬಂದಿರುವುದು 402 ಮೆಗಾಹರ್ಟ್ಸ್, ಅಂದರೆ ಮುಕ್ಕಾಲು ಮೀಟರ್ ಉದ್ದದ ಅಲೆ. ಅದರಲ್ಲಿ ಸಿನಿಮಾ ಕಳಿಸಲಾಗದು, ಆದರೆ ಹೊಳೆಯ ಮಟ್ಟ ಹೇಳಲು ನಾಲ್ಕು ಅಂಕಿ ಸಾಕಲ್ಲ! ನಾಳೆ ನಿಮ್ಮ ಪಂಚಾಯಿತಿಗೆ ಪ್ರವಾಹದ ಮುನ್ಸೂಚನೆಗೆಂದು ಹೊಸ ಡಿಶ್ ಬಂದರೆ, ಬೆಲೆ ಕೇಳುವ ಮೊದಲು ಎರಡು ಮಾತು ಕೇಳಿ: ಇದು ಎಷ್ಟು ಗಿಗಾಹರ್ಟ್ಸ್‌ನದು? ಗುಡುಗು ಮಳೆಯಲ್ಲಿ ಇದು ನಿಂತರೆ ಸುದ್ದಿ ಬರಲು ಇನ್ನಾವ ದಾರಿ ಇಟ್ಟಿದ್ದೀರಿ?