ಶಿಬಿರ ಮುಗಿದ ಮೇಲೆ
(ಸಂಘದ ವಾರ್ಷಿಕ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಸಂಘದವರು ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರ ನಡೆಸಲು ತೀರ್ಮಾನಿಸಿದ್ದಾರೆ. ಬಹಳ ಸಂತೋಷ. ಆದರೆ ಶಿಬಿರದ ಫೋಟೋ ಪತ್ರಿಕೆಯಲ್ಲಿ ಬಂದ ಮೇಲಿನ ಕೆಲಸದ ಬಗ್ಗೆಯೇ ನಾನು ಮಾತನಾಡಬೇಕೆಂದಿದ್ದೇನೆ.

ಹಿಂದೊಮ್ಮೆ ಇಂಥದೇ ಶಿಬಿರದಲ್ಲಿ, ಎಲೆಅಡಿಕೆಯ ಜತೆ ಹೊಗೆಸೊಪ್ಪು ಹಾಕುವ ತಾಯಿಯೊಬ್ಬರ ಕೆನ್ನೆಯ ಒಳಗೆ ಕೆಂಪು ಮಚ್ಚೆ ಕಂಡೆ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯಕಾರಿ. "ಉಮ್ಮ, ಈ ವಾರವೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದೆ. "ನೋವೇ ಇಲ್ಲವಲ್ಲ ಡಾಕ್ಟ್ರೇ" ಎಂದು ನಕ್ಕರು. ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದೆ. ಅವರು ಹೋಗಲಿಲ್ಲ, ನಾನೂ ವಿಚಾರಿಸಲಿಲ್ಲ. ತಿಂಗಳುಗಳ ನಂತರ ಮಗ ಅವರನ್ನು ಕರೆತಂದಾಗ ಬಾಯಿಗೆ ಒಂದು ಬೆರಳೂ ಹೋಗುತ್ತಿರಲಿಲ್ಲ. ಅವರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು ಎಂದು ಇಂದಿಗೂ ಅನಿಸುತ್ತದೆ.

ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ 13 ಪಂಚಾಯಿತಿಗಳನ್ನು ಆರಿಸಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. ಏಳರಲ್ಲಿ ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು. ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು! 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅಲ್ಲೂ ಆಸ್ಪತ್ರೆಗೆ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಹೋಗಲೇ ಇಲ್ಲ.

ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಬಿಗಿಯುವುದು, ಇಷ್ಟನ್ನು ಗುರುತಿಸಲು ಬೇಕಾದದ್ದು ಟಾರ್ಚು ಮತ್ತು ತರಬೇತಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂಬುದನ್ನು ನಮ್ಮ ಕರಾವಳಿಯಲ್ಲಿ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಹೆಣ್ಣುಮಕ್ಕಳು ಪುರುಷರ ಮುಂದೆ ಬಾಯಿ ತೆರೆಯಲು ಸಂಕೋಚಪಡುತ್ತಾರೆ. ಆದ್ದರಿಂದ ಅವರನ್ನು ಪರೀಕ್ಷಿಸಲು ಮಹಿಳೆಯರೇ ಇರಲಿ, ಪ್ರತ್ಯೇಕ ಕೋಣೆಯಿರಲಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಈ ತಪಾಸಣೆಯ ವ್ಯವಸ್ಥೆಯಿದೆ, ಆಶಾ ಕಾರ್ಯಕರ್ತೆಯರನ್ನು ಕೇಳಿ.

ವಿದ್ಯಾರ್ಥಿಗಳಿಗೊಂದು ಕೆಲಸ. ಮಚ್ಚೆ ಕಂಡವರ ಹೆಸರು, ಆಸ್ಪತ್ರೆಗೆ ಹೋಗಲು ಹೇಳಿದ ದಿನ, ಅವರು ಹೋದ ದಿನ ಇವನ್ನು ಬರೆದಿಡಬೇಕು. ಮೂರನೆಯ ಕಾಲಂ ಖಾಲಿಯಿರುವ ಮನೆಗೆ ಮತ್ತೆ ಹೋಗಿ, ಬೇಕಾದರೆ ಜತೆಗೆ ಬಸ್ಸು ಹತ್ತಿ. ಗೆರೆ ಎಳೆದ ಪುಸ್ತಕ ತಂದಿದ್ದೇನೆ, ಕಾರ್ಯದರ್ಶಿಗಳ ಕೈಗೆ ಕೊಟ್ಟು ಹೋಗುತ್ತೇನೆ.